ಪೂಜೆಗೆ ಇಟ್ಟ ಹಾರ್ಮೋನಿಯಂ

ಆಯುಧಪೂಜೆಯ ದಿನ ನಲವತ್ತೆಂಟು ವರ್ಷದ ವಾರಿಜಾ ತನ್ನ ಹಾರ್ಮೋನಿಯಂ ಅನ್ನೂ ಸೂಟ್‌ಕೇಸನ್ನೂ ದೇವರ ಮುಂದೆ ಇಟ್ಟಳು. ಪೂಜೆಗಿಟ್ಟ ವಾದ್ಯವನ್ನು ಆ ದಿನ ನುಡಿಸಬಾರದು, ಮರುದಿನ ಎತ್ತಿಕೊಂಡು ನುಡಿಸಬೇಕು ಎಂಬುದು ಪದ್ಧತಿ. ಆದರೆ ಹನ್ನೊಂದು ವರ್ಷಗಳಿಂದ ಮರುದಿನ ಅವಳು ಆಫೀಸಿನ ಫೈಲುಗಳನ್ನೇ ಹರಡಿಕೊಂಡು ಕೂರುತ್ತಿದ್ದಳು.

ಹಾರ್ಮೋನಿಯಂಗೆ ಮೈಯೆಲ್ಲ ಉರಿಯಿತು. ಅದು ಸೂಟ್‌ಕೇಸಿನ ಮೇಲೆ ಹರಿಹಾಯ್ದಿತು: "ನೀನಾದರೂ ಬಾಯಿ ಬಿಡಬಾರದೇ? ಹಿಮಾಲಯ ನೋಡುತ್ತೇನೆಂದು ನಿನ್ನನ್ನು ಕೊಂಡವಳು ನಿನ್ನ ಹೊಟ್ಟೆಗೆ ಹಳೇ ಕಂಬಳಿ ತುರುಕಿದ್ದಾಳೆ!"

"ಸಿಟ್ಟಾಗಬೇಡಿ," ಎಂದಿತು ಸೂಟ್‌ಕೇಸ್. "ಅವಳು ನಿವೃತ್ತಳಾಗಲಿ, ಹೊರಟರಾಯಿತು. ಅಲ್ಲಿಯವರೆಗೆ ವರ್ಷಕ್ಕೊಮ್ಮೆ ಹೂವಂತೂ ಸಿಗುತ್ತದಲ್ಲ."

"ಹೂವಂತೆ ಹೂವು! ಸತ್ತವರ ಫೋಟೋಕ್ಕೂ ಹೂವು ಹಾಕುತ್ತಾರೆ!"

ಅಷ್ಟರಲ್ಲಿ ವಾರಿಜಾ ಕುಂಕುಮ ಹಚ್ಚಲು ಬಾಗಿದಳು. ಹಾರ್ಮೋನಿಯಂ ಇದ್ದಬದ್ದ ಉಸಿರನ್ನೆಲ್ಲ ಒಟ್ಟುಗೂಡಿಸಿ ಅವಳ ಮುಖಕ್ಕೇ ಒಂದು ಸ್ವರ ಅರಚಿತು.

ಅವಳು ಬೆಚ್ಚಿಬಿದ್ದು ಕೈ ಹಿಂದಕ್ಕೆಳೆದುಕೊಂಡಳು.

"ಅಯ್ಯೋ, ಕೈ ತಗುಲಿಬಿಟ್ಟಿತಲ್ಲ! ತಪ್ಪಾಯಿತು ತಾಯಿ, ಇನ್ನು ಮುಟ್ಟುವುದಿಲ್ಲ," ಎಂದು ಕೆನ್ನೆ ಬಡಿದುಕೊಂಡು, ಅದರ ಮೇಲೆ ಇನ್ನೊಂದು ಹೂವಿಟ್ಟಳು.