ಜೋಡಿ ಸುಳಿಯ ಕುದುರೆ

“ದೊಡ್ಡ ಗುರುಗಳು ಹೋಗಿ ವರ್ಷವಾಯಿತು. ಅವರ ಗುಣ ನಮ್ಮಲ್ಲಿ ಯಾರಿಗೆ ಬಂದಿದೆ, ಬುದ್ಧೀ?” ಎಂದು ಮಠದ ಹಿರಿಯ ಶಿಷ್ಯ ಪರ್ವತಯ್ಯ ಈಗಿನ ಗುರುಗಳನ್ನು ಕೇಳಿದ.

ಕೇಳುವಾಗಲೇ ಉತ್ತರ ಅವನ ಮುಖದ ಮೇಲಿತ್ತು. ಅವನ ಧ್ವನಿ ಥೇಟ್ ದೊಡ್ಡ ಗುರುಗಳದ್ದೇ ಎಂದು ಭಕ್ತರು ಹೇಳುತ್ತಿದ್ದರು. ಜ್ವರ ಬಂದು ದಾರಿಯಲ್ಲಿ ಬಿದ್ದಿದ್ದ ತನ್ನನ್ನು ಅವರು ಎತ್ತಿ ತಂದ ಕತೆಯನ್ನು ಪ್ರವಚನದಲ್ಲಿ ಹೇಳಿ ಎಲ್ಲರನ್ನೂ ಅಳಿಸುತ್ತಿದ್ದ. ಮಠದ ಆಡಳಿತ ಅವನ ಕೈಯಲ್ಲಿತ್ತು. ದಿನವೂ ಪಾಠಕ್ಕೆ ತಡವಾಗಿ ಬರುತ್ತಿದ್ದ ಒಬ್ಬ ಶಿಷ್ಯನನ್ನು ಹೋದ ವಾರವಷ್ಟೇ ಹೊರಗೆ ಹಾಕಿದ್ದ.

ಗುರುಗಳು ಒಂದು ಕತೆ ಹೇಳಿದರು.

ಕುದುರೆ ಸಾಕುವವನೊಬ್ಬನಿದ್ದ. ಅವನ ಲಾಯದಲ್ಲಿ ಮಾಣಿಕ ಎಂಬ ಬೀಜದ ಕುದುರೆ ಇತ್ತು. ಕೆಂಚು ಬಣ್ಣ, ಬಾಗಿದ ಕೊರಳು, ಹಣೆಯ ಮೇಲೆ ಜೋಡಿ ಸುಳಿ. ಸುಳಿ ನೋಡಿ ಕುದುರೆ ಕೊಳ್ಳುವ ಕಾಲ ಅದು. ಮಾಣಿಕನ ಮರಿ ಬೇಕೆಂದು ಜನ ದೂರದಿಂದ ಬರುತ್ತಿದ್ದರು.

ಒಮ್ಮೆ ಅವನು ಮಾಣಿಕನ ಮೇಲಿಂದ ಬಿದ್ದ. ಜೀನಿನಿಂದ ತೂಗುವ, ಕಾಲಿಡುವ ರಿಕಾಪಿನಲ್ಲಿ ಪಾದ ಸಿಕ್ಕಿಕೊಂಡಿತು, ತಲೆ ಕಲ್ಲುನೆಲಕ್ಕೆ ತಾಗಿತು. ಕುದುರೆ ಹಾಗೇ ಓಡಿದ್ದರೆ ಅವನ ಕತೆ ಅಲ್ಲಿಗೇ ಮುಗಿಯುತ್ತಿತ್ತು. ಮಾಣಿಕ ಇದ್ದಲ್ಲೇ ನಿಂತ. ಇವನು ಪಾದ ಬಿಡಿಸಿಕೊಳ್ಳುವವರೆಗೂ ಕಿವಿ ಸಹ ಅಲ್ಲಾಡಿಸಲಿಲ್ಲ.

ಮುದಿಯಾಗಿ ಮಾಣಿಕ ಸತ್ತಾಗ ಅವನು ಮನೆಯವರೇ ಹೋದಂತೆ ಅತ್ತ. ಅದೇನು ಸುಳ್ಳು ಅಳುವಲ್ಲ. ಬಂದವರಿಗೆಲ್ಲ ಆ ದಿನದ ಕತೆ ಹೇಳುವನು, ಹೇಳುತ್ತ ಕಣ್ಣೊರೆಸಿಕೊಳ್ಳುವನು, ಅಂಥದ್ದು ಇನ್ನೊಂದು ಹುಟ್ಟಿಬರಬೇಕು ಎನ್ನುವನು.

ಹುಟ್ಟಿತ್ತು. ಮಾಣಿಕನ ಕೊನೆಯ ಮರಿಗಳು ಎರಡು. ಗಂಡಿಗೆ ಅದೇ ಬಣ್ಣ, ಅದೇ ಕೊರಳು, ಅದೇ ಜೋಡಿ ಸುಳಿ. ಹೆಣ್ಣು ಬೂದಿ ಬಣ್ಣದ್ದು, ಗಿಡ್ಡ ಕಾಲಿನದು, ಹಣೆಯಲ್ಲಿ ಏನೂ ಇಲ್ಲ. ಪಳಗಿಸುವಾಗ ಬೆನ್ನ ಮೇಲಿನ ಜೀನು ಒಂದಿಷ್ಟು ಸರಿದರೆ ಸಾಕು, ಅದು ನಿಂತುಬಿಡುತ್ತಿತ್ತು. ಚಾಟಿಯಲ್ಲಿ ಬಾರಿಸಿದರೂ ಕದಲುತ್ತಿರಲಿಲ್ಲ. ಮಾಣಿಕನ ವಂಶದಲ್ಲಿ ಇಂಥ ಮೊಂಡು ಎಲ್ಲಿಂದ ಬಂತೋ ಎಂದು ಬೈದು, ಅದನ್ನು ಉಪ್ಪು ಮಾರುವವನೊಬ್ಬನಿಗೆ ಒಂದು ಮೂಟೆ ಉಪ್ಪಿಗೆ ಕೊಟ್ಟು ಕೈತೊಳೆದುಕೊಂಡ.

ಗಂಡುಮರಿ ಬೆಳೆದಾಗ ಅದನ್ನು ತನ್ನ ಒಬ್ಬನೇ ಮಗನಿಗೆ ಕೊಟ್ಟ. ಮಗ ಅದರ ಮೇಲೆ ಹೋಗುವುದನ್ನು ನೋಡಿ ತನ್ನ ಮಾಣಿಕ ತಿರುಗಿ ಬಂದನೆಂದು ಹಿಗ್ಗಿದ. ಒಂದು ದಿನ ಮಗ ಜಾರಿ ಬಿದ್ದ. ಪಾದ ರಿಕಾಪಿನಲ್ಲಿ ಸಿಕ್ಕಿಕೊಂಡಿತು. ಕುದುರೆ ನಿಲ್ಲಲಿಲ್ಲ. ಅದು ನಿಂತದ್ದು ಲಾಯದ ಬಾಗಿಲಲ್ಲಿ. ಕೊರಳು ಹಾಗೇ ಬಾಗಿತ್ತು, ಹಣೆಯ ಸುಳಿ ಹಾಗೇ ಇತ್ತು. ಅದು ಎಳೆದುತಂದ ಮಗನಲ್ಲಿ ಉಸಿರಿರಲಿಲ್ಲ.

ಕೆಲವು ತಿಂಗಳ ಮೇಲೆ ಉಪ್ಪಿನವನು ಆ ಕಡೆ ಬಂದ. ಅಂಗಳದಲ್ಲಿ ಮೂಟೆ ಒಂದು ಬದಿಗೆ ಜಾರಿತು. ಬೂದಿ ಕುದುರೆ ಗಕ್ಕನೆ ನಿಂತಿತು. ಕುದುರೆ ಸಾಕುವವನು ಅದನ್ನೇ ನೋಡಿದ.

“ಇದು ಯಾವಾಗಲೂ ಹೀಗೇ ನಿಲ್ತದಾ?”

“ಯಾವಾಗಲೂ, ಸ್ವಾಮಿ. ಮೂಟೆ ಜಾರಿದ್ರೂ ನಿಲ್ತದೆ, ಕುಡಿದಾಗ ನಾನು ಜಾರಿದ್ರೂ ನಿಲ್ತದೆ. ಹೋದ ಸುಗ್ಗಿಯಲ್ಲಿ ಕಾಲು ಹಗ್ಗಕ್ಕೆ ಸಿಕ್ಕಿ ತಲೆಕೆಳಗಾಗಿ ನೇತಾಡ್ತಿದ್ದೆ. ಇದು ನಿಂತಿದ್ದಕ್ಕೆ ನನ್ನ ಮಕ್ಕಳಿಗೆ ಅಪ್ಪ ಉಳಿದ. ಎಲ್ಲ ನಿಮ್ಮ ಪುಣ್ಯ.”

ಕುದುರೆ ಸಾಕುವವನು ಅದರ ಹಣೆಯ ಮೇಲೆ ಕೈಯಿಟ್ಟ. ಪಕ್ಕೆಯಲ್ಲಿ ಅವನದೇ ಚಾಟಿಯ ಗುರುತು ಇನ್ನೂ ಇತ್ತು. ಅಂದಿನಿಂದ ಅವನು ಮಾಣಿಕನ ಕತೆಯನ್ನು ಯಾರಿಗೂ ಹೇಳಲಿಲ್ಲ.

ಗುರುಗಳು ಕತೆ ಮುಗಿಸಿದರು. ಪರ್ವತಯ್ಯನ ಕಣ್ಣು ಒದ್ದೆಯಾಗಿತ್ತು.

“ಎಂಥ ಕುರುಡ, ಬುದ್ಧೀ! ಆ ಕತೆಯನ್ನು ದಿನಾ ಹೇಳುತ್ತಿದ್ದವನೇ ಅವನಲ್ಲವೇ?” ಎಂದ. ಥೇಟ್ ದೊಡ್ಡ ಗುರುಗಳ ಧ್ವನಿ.

“ದಾರಿಯಲ್ಲಿ ಬಿದ್ದವರ ಹತ್ತಿರ ಕೂತು ಪಾಠಕ್ಕೆ ತಡಮಾಡುತ್ತಿದ್ದವನನ್ನು ನೀನು ಹೊರಗೆ ಹಾಕಿದೆಯಲ್ಲ, ಅವನು ಈಗ ಯಾರ ಮನೆಯಲ್ಲಿದ್ದಾನೆ?” ಎಂದರು ಗುರುಗಳು.