ಯಾರೂ ತಮ್ಮದೆನ್ನದ ಖಾತೆ

ಒಂದು ಊರಿನ ಧರ್ಮಾಸ್ಪತ್ರೆಯ ರಕ್ತನಿಧಿಗೆ, ಅಲ್ಲಿನ ಲೆಕ್ಕವಿಡಲು, ಹೊಸ ಸರ್ವರ್ ಕಂಪ್ಯೂಟರ್ ಬಂತು. ಅದನ್ನು ನೋಡಿಕೊಳ್ಳುವ ಕೆಲಸ ಶಿವಲೀಲಾಳ ಪಾಲಿಗೆ ಬಂತು. ಅವಳು ಕೆಲಸಕ್ಕೆ ಸೇರಿ ಇನ್ನೂ ವರ್ಷ ತುಂಬಿರಲಿಲ್ಲ. ಆದರೆ ಕೈಹಾಕಿದ ಕೆಲಸ ಕನ್ನಡಿಯ ಹಾಗಿರಬೇಕು ಎನ್ನುವ ಸ್ವಭಾವದವಳು. ಅವಳಿಗೆ ಕೆಲಸ ಕಲಿಸಿದ ಗುರು ಅಂದಾನಪ್ಪ.

"ಈ ಸಾಫ್ಟ್‌ವೇರ್ ಬರೂವಾಗನ ಒಂದಿಷ್ಟು ಬಳಕೆದಾರರ ಖಾತೆ ಕಟಗೊಂಡು ಬಂದಿರ್ತದವಾ," ಎಂದರು ಅವರು. "ಬ್ಯಾಡಾದ್ದನ್ನ ತಗಿ. ಆದ್ರ ಒಂದೊಂದರ ಕೆಲಸ ತಿಳಕೊಂಡ ಮ್ಯಾಲೇ ಕೈ ಹಚ್ಚು."

ಮೊದಲನೆಯದು ಅಡ್ಮಿನ್ ಖಾತೆ. ಯಂತ್ರದ ಸಕಲ ಅಧಿಕಾರವೂ ಅದರದೇ. ತಯಾರಿಸಿದವರು ಕೊಟ್ಟ ಪಾಸ್‌ವರ್ಡೇ ಇನ್ನೂ ಇತ್ತು. ಸಾಫ್ಟ್‌ವೇರ್ ಕೊಂಡವರಿಗೆಲ್ಲ ಅದೇ ಪಾಸ್‌ವರ್ಡ್. ಬದಲಿಸಲು ಹೋದರೆ ರಕ್ತನಿಧಿಯವರು ಗೊಣಗಿದರು. "ಮೇಡಂ, ಎಲ್ಲಾರಿಗೂ ಬಾಯಿಪಾಠ ಆಗೇದ, ಇರಲಿ ಬಿಡ್ರಿ." ಹೊಸಬಳಿಗೆ ಅವರ ಮುನಿಸು ಬೇಡವಾಗಿತ್ತು. ಬಿಟ್ಟಳು.

ಇನ್ನೊಂದು ಖಾತೆ ಮೂಲೆಯಲ್ಲಿತ್ತು. ಅದಕ್ಕೆ ಪಾಸ್‌ವರ್ಡೇ ಇರಲಿಲ್ಲ. ಆ ಹೆಸರಿನಲ್ಲಿ ಯಾರೂ ಎಂದೂ ಒಳಗೆ ಬಂದಿರಲಿಲ್ಲ. ಇದು ಯಾರದೆಂದು ಕೇಳಿದಳು. ಯಾರೂ ತಮ್ಮದೆನ್ನಲಿಲ್ಲ. ಪಾಸ್‌ವರ್ಡ್ ಇಲ್ಲವೆಂದರೆ ಕದ ತೆರೆದಿಟ್ಟ ಮನೆಯಲ್ಲವೇ, ಕಳ್ಳ ನುಗ್ಗಲು ಎಷ್ಟು ಹೊತ್ತು ಎಂದುಕೊಂಡಳು. ಅಂದಾನಪ್ಪ ಪಕ್ಕದ ಕೋಣೆಯಲ್ಲೇ ಇದ್ದರು. ಎದ್ದು ಹೋಗಿ ಕೇಳಿದರೆ ಇಷ್ಟೂ ತಿಳಿಯದೇ ಎಂದಾರು ಎನ್ನಿಸಿತು. ಅಳಿಸಿಬಿಟ್ಟಳು. ಮನೆ ಗುಡಿಸಿ ಸಾರಿಸಿದ ಹಾಗೆ ಮನಸ್ಸು ಹಗುರವಾಯಿತು.

ಮರುದಿನ ಹೆರಿಗೆ ವಾರ್ಡಿನಲ್ಲಿ ಹೊನ್ನವ್ವ ಎಂಬ ಮುದುಕಿಯ ಸೊಸೆಗೆ ಗಂಡುಮಗು ಹುಟ್ಟಿತು. ತಾಯಿಗೆ ರಕ್ತಸ್ರಾವ ನಿಲ್ಲಲಿಲ್ಲ. ಅವಳದು ಅಪರೂಪದ ಗುಂಪಿನ ರಕ್ತ. ಕಂಪ್ಯೂಟರ್ ಪರದೆಯ ಮೇಲೆ ಆ ಗುಂಪಿನ ರಕ್ತ ಇದೆ ಎಂದು ಕಾಣುತ್ತಿತ್ತು. "ಐತಿ, ಅಂಜಬ್ಯಾಡ್ರಿ," ಎಂದರು ದಾದಿಯರು. ಓಡಿಹೋಗಿ ಫ್ರಿಜ್ ತೆರೆದರೆ ಆ ಗುಂಪಿನ ರಕ್ತ ಇಡುವ ತಟ್ಟೆ ಖಾಲಿ. ಬೆಳಿಗ್ಗೆಯೇ ಅದು ಬೇರೊಬ್ಬ ರೋಗಿಗೆ ಹೋಗಿತ್ತು. ಪರದೆ ಮಾತ್ರ ಹಿಂದಿನ ದಿನದ ಲೆಕ್ಕವನ್ನೇ ಹಿಡಿದು ನಿಂತಿತ್ತು.

ರಕ್ತ ತರಲು ಪಕ್ಕದ ಊರಿಗೆ ಗಾಡಿ ಓಡಿತು. ಅದು ಮರಳುವಷ್ಟರಲ್ಲಿ ಬಾಣಂತಿಯ ಜೀವ ಉಳಿಸಲು ಗರ್ಭಕೋಶವನ್ನೇ ತೆಗೆಯಬೇಕಾಯಿತು. ಶಿವಲೀಲಾ ಪಡಸಾಲೆಯಲ್ಲಿ ಗೋಡೆಗೆ ಒರಗಿ ನಿಂತಿದ್ದಳು. ಕಣ್ಣೀರು ನಿಲ್ಲಲೊಲ್ಲದು. ಹೊನ್ನವ್ವ ಅವಳ ಕೈ ಹಿಡಿದುಕೊಂಡಳು. "ಜೀವ ಉಳೀತಲ್ಲವಾ, ಅಷ್ಟ ಸಾಕು. ನೀ ಯಾಕ ಅಳ್ತಿ?"

ಪರದೆಯ ಲೆಕ್ಕ ನಿಂತದ್ದು ತಾನು ಆ ಖಾತೆ ಅಳಿಸಿದ ಗಳಿಗೆಗೇ ಎಂದು ಶಿವಲೀಲಾ ನೋಡಿದ್ದಳು. ಕೈ ಬಿಡಿಸಿಕೊಂಡು ಅಂದಾನಪ್ಪನವರ ಕೋಣೆಗೆ ಹೋದಳು. ನಡೆದದ್ದನ್ನೆಲ್ಲ ಹೇಳಿದಳು. ಅವರು ಬಯ್ಯಲಿಲ್ಲ.

"ಪಾಸ್‌ವರ್ಡ್ ಇಲ್ಲಂದ್ರ ಆ ಮನಿಗೆ ಕದ ತೆರದೈತಿ ಅಂತಲ್ಲ ತಂಗಿ. ಕದಾನ ಇಲ್ಲ, ಬರೇ ಗ್ವಾಡಿ. ಹೊರಗಿನವ್ರು ಯಾರೂ ಒಳಗ ಹೋಗಾಕ ಬರೂದಿಲ್ಲ. ಫ್ರಿಜ್ಜಿನಿಂದ ಹೋದ ರಕ್ತ, ಬಂದ ರಕ್ತದ ಲೆಕ್ಕಾನ ಸಾಫ್ಟ್‌ವೇರ್ ಆ ಖಾತೇ ಹೆಸರ್ಲೇ ಬರೀತಿತ್ತು. ಕಳ್ಳಗ ದಾರಿ ಇದ್ದದ್ದು ಅಡ್ಮಿನ್ ಖಾತೇದಾಗ. ಅದನ್ಯಾಕ ಬಿಟ್ಟಿ?"

"ಎಲ್ಲಾರೂ ಇರಲಿ ಅಂದ್ರು ಸರ್."

"ಮತ್ತ ಇದನ್ಯಾಕ ತಗದಿ?"

"ಯಾರೂ ಇರಲಿ ಅನ್ನಲಿಲ್ರಿ."

ಹೇಳಿದ ಮೇಲೆ ತನ್ನ ಮಾತು ತನಗೇ ಕೇಳಿಸಿತು. ಬಾಯಿದ್ದವನು ಬರಗಾಲದಲ್ಲೂ ಬದುಕಿದ ಎನ್ನುತ್ತಾರೆ. ಬಾಯಿಲ್ಲದೆ ದುಡಿಯುತ್ತಿದ್ದುದನ್ನು ಅವಳು ಒಂದು ಬೆರಳಿನಿಂದ ಅಳಿಸಿದ್ದಳು.

ಆ ಖಾತೆಯನ್ನು ಮತ್ತೆ ಕಟ್ಟಿದಳು. ಅಡ್ಮಿನ್ನಿನ ಪಾಸ್‌ವರ್ಡ್ ಬದಲಿಸಿದಳು. ಗೊಣಗುವವರು ಗೊಣಗಿದರು, ಅವಳು ಕಿವಿಗೊಡಲಿಲ್ಲ. ಆಮೇಲೆ ವಾರ್ಡಿಗೆ ಹೋಗಿ ಹೊನ್ನವ್ವನ ಮುಂದೆ ನಿಂತಳು. "ಅವ್ವಾ, ರಕ್ತ ಐತಿ ಅಂತ ಪರದೆ ಸುಳ್ಳು ತೋರಿಸಿದ್ದು ನನ್ನಿಂದ. ಏನಂತ ತಿಳೀದ ಒಂದನ್ನ ತಗದುಬಿಟ್ಟಿದ್ದೆ. ಕೇಳಲಿಲ್ಲ ನಾನು."

ಹೊನ್ನವ್ವ ಮಡಿಲಲ್ಲಿದ್ದ ಮೊಮ್ಮಗನ ಮುಖ ನೋಡಿದಳು, ಮಲಗಿದ್ದ ಸೊಸೆಯ ಮುಖ ನೋಡಿದಳು. ಶಿವಲೀಲಾಳ ಕೈಯನ್ನು ಈ ಸಲ ಹಿಡಿಯಲಿಲ್ಲ.

"ಇನ್ನ ಮ್ಯಾಲ ಕೇಳವಾ," ಎಂದಳು.

ನೀತಿ: ಗುರುತಿಲ್ಲದ್ದೆಲ್ಲ ಬೇಡವಾದದ್ದಲ್ಲ, ಗುರುತಿರುವುದೆಲ್ಲ ಸುರಕ್ಷಿತವಲ್ಲ. ಎಲ್ಲರಿಗೂ ಗೊತ್ತಿರುವ ಕೀಲಿಯನ್ನು ಎಲ್ಲರೂ ಮುನಿದರೂ ಬದಲಿಸಬೇಕು. ಸದ್ದಿಲ್ಲದೆ ಇರುವುದನ್ನು ತೆಗೆಯುವ ಮೊದಲು ಅದು ಯಾರಿಗಾಗಿ ದುಡಿಯುತ್ತಿದೆ ಎಂದು ಕೇಳಬೇಕು. ಕೇಳುವ ನಾಚಿಕೆ ಒಂದು ಗಳಿಗೆಯದು, ಕೇಳದ ತಪ್ಪಿನ ಬೆಲೆಯನ್ನು ಇನ್ನೊಬ್ಬರು ಬದುಕಿಡೀ ತೆರುತ್ತಾರೆ.