ಹದಿನೆಂಟನೆಯ ದಿನ ಬಿಚ್ಚಿದ ಪಟ್ಟಿ

“ಗುರುಗಳೇ, ಎಲ್ಲರೂ ನಿಯಮ ಮುರಿದ ಮನೆಯಲ್ಲಿ ಒಬ್ಬರೇ ಅದನ್ನು ಪಾಲಿಸಿದರೆ, ಅವರಿಗೆ ಸಿಗುವುದೇನು?” ಎಂದು ಶಿಷ್ಯ ಕೇಳಿದ.

ಗುರುಗಳು ಹೇಳಿದರು:

ನಿಯಮ ಇಷ್ಟೇ ಇತ್ತು. ಕಣ್ಣಿಗೆ ಕಟ್ಟಿದ ಪಟ್ಟಿಯನ್ನು ಹೇಳಿದ ದಿನಕ್ಕೆ ಮೊದಲು ಯಾರೂ ಬಿಚ್ಚಬಾರದು.

ಒಬ್ಬ ಮುದಿ ನೇಕಾರನಿದ್ದ. ಅವನಿಗೆ ಒಂದು ಕಣ್ಣು ಹುಟ್ಟಿನಿಂದಲೇ ಇರಲಿಲ್ಲ. ಇನ್ನೊಂದಕ್ಕೆ ಪೊರೆ ಬಂದು ಆರು ವರ್ಷವಾಗಿತ್ತು. ಈ ನಡುವೆ ಮನೆಗೆ ಸೊಸೆ ಬಂದಳು. ಅವಳ ದನಿ ಅವನಿಗೆ ಗೊತ್ತು, ಮುಖ ಗೊತ್ತಿಲ್ಲ. ಒಬ್ಬ ವೈದ್ಯ ಪೊರೆ ತೆಗೆದು, ಪಟ್ಟಿ ಕಟ್ಟಿ, “ಹತ್ತು ದಿನ ಬಿಟ್ಟು ನಾನೇ ಬಂದು ಬಿಚ್ಚುತ್ತೇನೆ” ಎಂದು ಹೇಳಿ ಮುಂದಿನ ಊರಿಗೆ ಹೋದ.

ರೋಗಿಯನ್ನು ಮಾತನಾಡಿಸಲು ಹೋಗುವುದು ಆ ಕೇರಿಯ ಪದ್ಧತಿ. ಬಂದವರೆಲ್ಲ ಪಟ್ಟಿ ಎತ್ತಿ, “ನಾನು ಯಾರು ಹೇಳು ನೋಡೋಣ” ಎಂದರು. ಮಗ ನೂಲಿಗೆ ಬಣ್ಣ ಹಾಕುತ್ತಿದ್ದ ಕೈಯಲ್ಲೇ ಎತ್ತಿದ. ಮುದುಕನ ಅಕ್ಕ ಕಣ್ಣಿಗೆ ತಂಪೆಂದು ನಂದಿಬಟ್ಟಲು ಹೂವಿನ ರಸ ಹಿಂಡಿದಳು. ಮುದುಕ ಒಬ್ಬೊಬ್ಬರ ಹೆಸರೂ ಹೇಳಿ ನಕ್ಕ. ಸೊಸೆ ಬೇಡವೆಂದಳು. ಯಾರೂ ಕೇಳಲಿಲ್ಲ. ಅವರು ಪಟ್ಟಿ ಎತ್ತಿದಾಗಲೆಲ್ಲ ಅವಳು ಒಳಗೆ ಹೋದಳು.

“ಏನಮ್ಮಾ, ನಿನ್ನ ಮುಖ ಅಷ್ಟು ಕೆಟ್ಟದಾಗಿದೆಯೇ?” ಎಂದು ಮುದುಕ ಕೆಣಕಿದ.

“ಇರಬಹುದು ಮಾವ. ಹತ್ತು ದಿನ ಆಗಲಿ, ಆಮೇಲೆ ನೋಡಿ ಹೆದರಿಕೊಳ್ಳಿ.”

ಹತ್ತನೆಯ ದಿನ ವೈದ್ಯ ಬಂದು ನೋಡಿದ. ಕೀವಾಗಿತ್ತು. ಕಣ್ಣಿನ ಬಿಳಿಯ ಮೇಲಿನ ತೆಳು ಚರ್ಮ ಸತ್ತು ಬೂದಿಯ ಬಣ್ಣಕ್ಕೆ ತಿರುಗಿತ್ತು. ಸತ್ತದ್ದನ್ನು ಕತ್ತರಿಸಿದ. ಮುದುಕನ ತುಟಿಯ ಒಳಗಿನಿಂದ ಚರ್ಮ ತೆಗೆದು ಅಲ್ಲಿಗೆ ತೇಪೆ ಹಾಕಿ ಹೊಲಿದು, ಮತ್ತೆ ಪಟ್ಟಿ ಕಟ್ಟಿದ. “ಇದು ಹಿಡಿದರೆ ಕಣ್ಣು ಉಳಿಯುತ್ತದೆ. ಇಪ್ಪತ್ತೊಂದು ದಿನ ರೆಪ್ಪೆ ತೆರೆಯಬಾರದು. ಹರಿದರೆ ಮತ್ತೆ ಹೊಲಿಯಲು ಏನೂ ಉಳಿದಿಲ್ಲ” ಎಂದ. ಈ ಸಲ ಅವನು ಊರು ಬಿಡಲಿಲ್ಲ. ಸೊಸೆ ಕಾವಲು ಕುಳಿತಳು. ಕೇರಿಯವರು ಬಾಗಿಲಲ್ಲೇ ಮಾತನಾಡಿ ಹೋದರು.

ತೇಪೆ ಹಾಕಿದ ಹದಿನೆಂಟನೆಯ ದಿನ ಮುದುಕ ವೈದ್ಯನ ಕೈ ಹಿಡಿದು ಅತ್ತ. “ಇದು ಹೋಗುವ ಕಣ್ಣು, ನನಗೆ ಗೊತ್ತು. ಹೋಗುವ ಮೊದಲು ಒಂದು ಸಲ ಆ ಹುಡುಗಿಯ ಮುಖ ತೋರಿಸಿಬಿಡಿ ಸ್ವಾಮಿ.”

ವೈದ್ಯನ ಮನಸ್ಸು ಕರಗಿತು. “ಅರೆಕ್ಷಣ ತಾನೆ? ನಾನೇ ಬಿಚ್ಚುತ್ತೇನಲ್ಲ” ಎಂದ.

“ಬೇಡ” ಎಂದಳು ಸೊಸೆ. ವೈದ್ಯನ ಕೈ ಪಟ್ಟಿಗೆ ಹೋಯಿತು. ನೋಡಲು ಮುಖವೇ ಇಲ್ಲದಿದ್ದರೆ ಬಿಚ್ಚಲಾರನೆಂದು ಅವಳು ಎದ್ದು ಹೊರಗೆ ನಡೆದಳು. ಅಷ್ಟರಲ್ಲಿ ಪಟ್ಟಿ ಬಿಚ್ಚಿಯಾಗಿತ್ತು. ಮುದುಕ ಅಂಟಿಕೊಂಡಿದ್ದ ರೆಪ್ಪೆಯನ್ನು ಬಲವಾಗಿ ತೆರೆದ. ಹೊಲಿಗೆ ಕಿತ್ತು ಬಂತು. ಅವನಿಗೆ ಕಂಡದ್ದು ತೆರೆದ ಬಾಗಿಲು. ವಾರದೊಳಗೆ ಅದೂ ಕಾಣದಾಯಿತು.

ಶಿಷ್ಯ ತಡೆಯಲಾರದೆ ಕೇಳಿದ: “ಹಾಗಾದರೆ ಅವಳಿಗೆ ಸಿಕ್ಕಿದ್ದೇನು?”

“ಆ ಕುರುಡು ಕಣ್ಣು ಒಣಗದಂತೆ ದಿನಕ್ಕೆ ನಾಲ್ಕು ಸಲ ಔಷಧಿ ಹಾಕುವ ಕೆಲಸ; ಹನ್ನೊಂದು ವರ್ಷ ಹಾಕಿದಳು, ಒಂದು ದಿನವೂ ತಪ್ಪಿಸಲಿಲ್ಲ.”